ಮಗಳ ‘ಆಪರೇಷನ್ಸ್ ರಿಸರ್ಚ್’ ಪುಸ್ತಕದಲ್ಲಿ ನನ್ನ ಟೆಂಪೋ ಲೆಕ್ಕ! ಇದು ಹುಟ್ಟಿದ್ದೆಲ್ಲಿ?

ಟೆಂಪೋ_ಶ್ರೀನಿವಾಸಪುರ · ಭಾನುವಾರ, ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಎರಡು ಟೆಂಪೋ ಇವೆ. ಒಂದನ್ನು ನಾನೇ ಓಡಿಸುತ್ತೇನೆ. ರೈತರ ತೋಟದಿಂದ ಟೊಮ್ಯಾಟೊ ಎತ್ತಿಕೊಂಡು ಕೋಲಾರದ ಎಪಿಎಂಸಿಗೋ ಚಿಂತಾಮಣಿಗೋ ಮುಟ್ಟಿಸುವುದು ಕೆಲಸ.

ಮಗಳು ಬಿಬಿಎ ಓದುತ್ತಿದ್ದಾಳೆ. ಮೊನ್ನೆ ಮಂಚದ ಮೇಲೆ ‘ಆಪರೇಷನ್ಸ್ ರಿಸರ್ಚ್’ ಅಂತ ಒಂದು ದಪ್ಪ ಪುಸ್ತಕ ಬಿದ್ದಿತ್ತು. ‘ಇದೇನಮ್ಮಾ, ಡಾಕ್ಟರ್ ಓದೋ ಪುಸ್ತಕ ನಿನಗ್ಯಾಕೆ?’ ಅಂದೆ. ಬಿದ್ದೂ ಬಿದ್ದೂ ನಕ್ಕಳು. ಆಮೇಲೆ ಒಂದು ಪುಟ ತೆಗೆದು ತೋರಿಸಿದಳು. ಮೂರು ಗೋಡೌನ್, ನಾಲ್ಕು ಅಂಗಡಿ, ಎಲ್ಲಿಂದ ಎಲ್ಲಿಗೆ ಎಷ್ಟು ಮಾಲು ಕಳಿಸಿದರೆ ಬಾಡಿಗೆ ಕಮ್ಮಿ ಬೀಳುತ್ತದೆ ಅಂತ ಲೆಕ್ಕ. ನನಗೆ ಆಶ್ಚರ್ಯ. ಇದನ್ನೇ ಅಲ್ವಾ ನಾನು ದಿನಾ ಬೆಳಗಿನ ಜಾವ ಮೂರೂವರೆಗೆ ಸ್ಟೀರಿಂಗ್ ಹಿಡಿದುಕೊಂಡು ಮಾಡುವುದು!

ನನ್ನ ಪ್ರಶ್ನೆ ಇಷ್ಟೇ. ಇದನ್ನು ಮೊದಲು ಶುರು ಮಾಡಿದವರು ಯಾರು? ವ್ಯಾಪಾರಸ್ಥರಾ? ನಿಜವಾಗಿ ಯಾರಾದರೂ ಬಳಸುತ್ತಾರಾ, ಇಲ್ಲಾ ಪರೀಕ್ಷೆಗೆ ಮಾತ್ರವಾ? ತಿಳಿದವರು ಹೇಳಿ.

ಒಣಭೂಮಿ_ಬಾಗೇಪಲ್ಲಿ · ರಾತ್ರಿ 9.31

ಅಣ್ಣಾ, ಪುಸ್ತಕದ ಟೆಂಪೋ ಪಂಕ್ಚರ್ ಆಗಲ್ಲ. ಪುಸ್ತಕದ ಟೊಮ್ಯಾಟೊ ಕೊಳೆಯಲ್ಲ. ಅಷ್ಟೇ ವ್ಯತ್ಯಾಸ.

ಗಣಿತ_ಮೇಷ್ಟ್ರು_ಕೋಲಾರ · ರಾತ್ರಿ 10.15

ಟೆಂಪೋದವರೇ, ಒಳ್ಳೆಯ ಪ್ರಶ್ನೆ. ಮೂವತ್ತು ವರ್ಷ ಈ ವಿಷಯ ಪಾಠ ಮಾಡಿದೆ. ಒಬ್ಬ ವಿದ್ಯಾರ್ಥಿಯೂ ‘ಇದು ಹುಟ್ಟಿದ್ದೆಲ್ಲಿ’ ಅಂತ ಕೇಳಲಿಲ್ಲ. ‘ಎಷ್ಟು ಮಾರ್ಕ್ಸಿಗೆ ಬರುತ್ತದೆ’ ಅಂತ ಎಲ್ಲರೂ ಕೇಳಿದರು.

ವ್ಯಾಪಾರಸ್ಥರಲ್ಲ, ಈ ಹೆಸರು ಬಂದದ್ದು ಯುದ್ಧದಿಂದ. 1937ರ ಸುಮಾರಿಗೆ ಇಂಗ್ಲೆಂಡಿನ ಸಮುದ್ರ ತೀರದ ಬಾಡ್ಸಿ ಎಂಬಲ್ಲಿ ರೇಡಾರ್ ಪರೀಕ್ಷೆ ನಡೆಯುತ್ತಿತ್ತು. ಯಂತ್ರ ಕೆಲಸ ಮಾಡುತ್ತಿತ್ತು. ಆದರೆ ಅದು ಕೊಟ್ಟ ಸುದ್ದಿ ವಿಮಾನದ ಪೈಲಟ್‌ಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಯಂತ್ರದ ಸಂಶೋಧನೆ ಒಂದು, ಆ ಯಂತ್ರವನ್ನು ಬಳಸುವ ಕೆಲಸದ ಸಂಶೋಧನೆ ಇನ್ನೊಂದು ಅಂತ ಅಲ್ಲಿನ ಮುಖ್ಯಸ್ಥ ಎ. ಪಿ. ರೋ ಮತ್ತು ಸಂಗಡಿಗರಿಗೆ ಹೊಳೆಯಿತು. ಆ ಎರಡನೆಯದಕ್ಕೆ ‘ಆಪರೇಷನಲ್ ರಿಸರ್ಚ್’ ಅಂದರು.

ಆಮೇಲೆ ಬಂದವರು ಪ್ಯಾಟ್ರಿಕ್ ಬ್ಲಾಕೆಟ್. ಭೌತವಿಜ್ಞಾನಿ, 1948ರಲ್ಲಿ ನೊಬೆಲ್ ಸಿಕ್ಕಿತು. 1940ರಲ್ಲಿ ಲಂಡನ್ ಮೇಲೆ ಬಾಂಬ್ ಬೀಳುತ್ತಿದ್ದಾಗ ವಿಮಾನ ಹೊಡೆಯುವ ಫಿರಂಗಿ ಪಡೆಗೆ ಅವರನ್ನು ಕರೆಸಿಕೊಂಡರು. ಅವರು ಕಟ್ಟಿದ ಗುಂಪು ನೋಡಿ: ಮೂವರು ಶರೀರಶಾಸ್ತ್ರದವರು, ಗಣಿತದವರು, ಒಬ್ಬ ನಕ್ಷತ್ರಗಳನ್ನು ಓದಿದವನು, ಒಬ್ಬ ಸೇನಾಧಿಕಾರಿ, ಒಬ್ಬ ಸರ್ವೇಯರ್. ಜನ ತಮಾಷೆಗೆ ‘ಬ್ಲಾಕೆಟ್ ಸರ್ಕಸ್’ ಅಂದರು. ಶುರುವಿನಲ್ಲಿ ಒಂದು ವಿಮಾನ ಬೀಳಿಸಲು ಸುಮಾರು 20,000 ಗುಂಡು ಖರ್ಚಾಗುತ್ತಿತ್ತು. ಮುಂದಿನ ಬೇಸಿಗೆಯ ಹೊತ್ತಿಗೆ ಅದು 4,000ಕ್ಕೆ ಇಳಿಯಿತು. ಅವೇ ಫಿರಂಗಿಗಳು. ಬದಲಾದದ್ದು ಅವುಗಳನ್ನು ಮತ್ತು ರೇಡಾರನ್ನು ಬಳಸುವ ರೀತಿ.

ನನಗೆ ಬಹಳ ಇಷ್ಟವಾದದ್ದು ಜಲಾಂತರ್ಗಾಮಿಯ ಕಥೆ. ವಿಮಾನದಿಂದ ನೀರಿಗೆ ಬಾಂಬ್ ಹಾಕುತ್ತಿದ್ದರು. ಅದು 100 ಅಡಿ ಆಳಕ್ಕೆ ಹೋಗಿ ಸಿಡಿಯುವ ಹಾಗೆ ಸೆಟ್ ಮಾಡಿದ್ದರು. ಜಲಾಂತರ್ಗಾಮಿ ವಿಮಾನವನ್ನು ನೋಡಿ ಮುಳುಗುತ್ತದೆ, ಅಷ್ಟರಲ್ಲಿ ಅಷ್ಟು ಆಳಕ್ಕೆ ಹೋಗಿರುತ್ತದೆ ಅನ್ನುವುದು ಅವರ ಯೋಚನೆ. ಇ. ಜೆ. ವಿಲಿಯಮ್ಸ್ ಎಂಬಾತ ಹಳೆಯ ದಾಳಿಗಳ ವರದಿ ಹರವಿಕೊಂಡು ಕುಳಿತ. ಆಳಕ್ಕೆ ಹೋದದ್ದು ಯಾವ ಕಡೆ ತಿರುಗಿತು ಅಂತಲೇ ಗೊತ್ತಾಗುವುದಿಲ್ಲ, ಅದು ಹೇಗೂ ಕೈಗೆ ಸಿಗುವುದಿಲ್ಲ. ಸಿಗುವುದು ಇನ್ನೂ ಮೇಲೇ ಇರುವುದು, ಈಗ ತಾನೇ ಮುಳುಗುತ್ತಿರುವುದು. ಅಂಥದ್ದಕ್ಕೆ 100 ಅಡಿಯಲ್ಲಿ ಸಿಡಿದರೆ ಏನು ಪ್ರಯೋಜನ? 25 ಅಡಿಗೆ ಇಳಿಸಿ ಅಂದ. ಇಳಿಸಿದ ಮೇಲೆ ಮುಳುಗಿದ ಜಲಾಂತರ್ಗಾಮಿಗಳು ಎಷ್ಟು ಹೆಚ್ಚಿದವೆಂದರೆ, ಬ್ರಿಟಿಷರು ಹೊಸ ಸ್ಫೋಟಕ ಕಂಡುಹಿಡಿದಿದ್ದಾರೆ ಅಂತ ಸೆರೆಸಿಕ್ಕ ಜರ್ಮನ್ನರು ನಂಬಿದ್ದರಂತೆ. ಬದಲಾಯಿಸಿದ್ದು ಒಂದು ತಿರುಪು.

ಹಡಗುಗಳ ಗುಂಪಿನದೂ ಹಾಗೆಯೇ. ಸಣ್ಣ ಗುಂಪಿನಲ್ಲಿ ಕಳಿಸುವುದೇ ಕ್ಷೇಮ ಅಂತ ನೌಕಾಪಡೆಯ ನಂಬಿಕೆ. ಬ್ಲಾಕೆಟ್ ದೊಡ್ಡ ಗುಂಪು ಮಾಡಿ ಅಂದರು. ಶ್ರೀನಿವಾಸಪುರದವರಿಗೆ ಇದನ್ನು ಮಾವಿನ ತೋಪಿನಲ್ಲೇ ಹೇಳಬಹುದು. ಒಂದು ಎಕರೆ ಚೌಕದ ತೋಪಿಗೆ ಒಂದು ಸುತ್ತು ಬೇಲಿ. ನಾಲ್ಕು ಎಕರೆ ಚೌಕಕ್ಕೆ ನಾಲ್ಕರಷ್ಟು ಬೇಲಿ ಬೇಡ, ಎರಡರಷ್ಟು ಸಾಕು. ಒಳಗಿನ ಮರ ನಾಲ್ಕರಷ್ಟು, ಕಾವಲು ಎರಡರಷ್ಟು. ಹಡಗಿಗೂ ಅದೇ.

ಟೆಂಪೋ_ಶ್ರೀನಿವಾಸಪುರ · ರಾತ್ರಿ 10.40

ಮೇಷ್ಟ್ರೇ, ತೋಪಿನ ಲೆಕ್ಕ ಪಕ್ಕಾ ಕೂತಿತು. ನಮ್ಮ ಮಾವ ನಾಲ್ಕು ಕಡೆ ಒಂದೊಂದು ಎಕರೆ ತೋಪು ಇಟ್ಟುಕೊಂಡು ನಾಲ್ಕು ಜನ ಕಾವಲುಗಾರರಿಗೆ ಸಂಬಳ ಕೊಡುತ್ತಾರೆ. ಅವರಿಗೆ ಹೇಳಿದರೆ ‘ನಿನಗ್ಯಾಕೋ’ ಅಂತಾರೆ, ಅದು ಬೇರೆ ಮಾತು.

ರೂಟ್_ಹುಡುಗಿ · ಸೋಮವಾರ, ಬೆಳಗ್ಗೆ 7.50

ನಾನು ಚಿಂತಾಮಣಿಯವಳು, ಈಗ ಬೆಂಗಳೂರಿನಲ್ಲಿ ಡೆಲಿವರಿ ಗಾಡಿಗಳ ರೂಟ್ ಹಾಕುವ ಸಾಫ್ಟ್‌ವೇರ್ ಬರೆಯುತ್ತೇನೆ. ಅಂದರೆ ಓಆರ್ (ಆಪರೇಷನ್ಸ್ ರಿಸರ್ಚ್) ನನಗೆ ಅನ್ನ ಹಾಕುತ್ತಿದೆ. ಪರೀಕ್ಷೆಗೆ ಮಾತ್ರ ಅಲ್ಲ ಅಣ್ಣ.

ಮಗಳ ಪುಸ್ತಕದ ಲೆಕ್ಕವನ್ನು ನಿಮ್ಮ ಟೆಂಪೋಗೇ ಹಾಕೋಣ. ರೇಟು ಸುಮ್ನೆ ನಾನು ಹಿಡಿದದ್ದು. ಶ್ರೀನಿವಾಸಪುರ ಕಡೆ 100 ಕ್ರೇಟ್, ಮುಳಬಾಗಿಲು ಕಡೆ 100 ಕ್ರೇಟ್. ಕೋಲಾರದ ಮಂಡಿಗೆ 100, ಚಿಂತಾಮಣಿ ಮಂಡಿಗೆ 100 ಕೊಡುತ್ತೇನೆ ಅಂತ ಮಾತಾಗಿದೆ. ಒಂದು ಕ್ರೇಟ್‌ಗೆ ಬಾಡಿಗೆ ಹೀಗೆ: ಶ್ರೀನಿವಾಸಪುರದಿಂದ ಕೋಲಾರಕ್ಕೆ 10 ರೂಪಾಯಿ, ಚಿಂತಾಮಣಿಗೆ 12. ಮುಳಬಾಗಿಲಿನಿಂದ ಕೋಲಾರಕ್ಕೆ 14, ಚಿಂತಾಮಣಿಗೆ 22.

ಯಾರಾದರೂ ಮೊದಲು ಏನು ಮಾಡುತ್ತಾರೆ? ಎಲ್ಲಕ್ಕಿಂತ ಅಗ್ಗದ್ದು 10 ರೂಪಾಯಿ, ಅದನ್ನು ಹಿಡಿಯುತ್ತಾರೆ. ಶ್ರೀನಿವಾಸಪುರದ್ದೆಲ್ಲ ಕೋಲಾರಕ್ಕೆ. ಕೋಲಾರದ ಕೋಟಾ ಮುಗಿಯಿತು. ಮುಳಬಾಗಿಲಿನವರ ಪಾಲಿಗೆ ಉಳಿದದ್ದು ಚಿಂತಾಮಣಿ, 22 ರೂಪಾಯಿ. ಒಟ್ಟು 1,000 ಮತ್ತು 2,200, ಅಂದರೆ 3,200.

ಉಲ್ಟಾ ಮಾಡಿ. ಶ್ರೀನಿವಾಸಪುರದ್ದು ಚಿಂತಾಮಣಿಗೆ, ಮುಳಬಾಗಿಲಿನದ್ದು ಕೋಲಾರಕ್ಕೆ. 1,200 ಮತ್ತು 1,400. ಒಟ್ಟು 2,600. ಅಗ್ಗದ ದಾರಿಯನ್ನು ಬಿಟ್ಟದ್ದಕ್ಕೆ 600 ಉಳಿಯಿತು!

ಪುಸ್ತಕದಲ್ಲಿ ‘ವೋಗೆಲ್ ವಿಧಾನ’ ಅಂತ ಇರುತ್ತದಲ್ಲ, ಅದರ ತಿರುಳು ಇದೇ. ಯಾವುದು ಅಗ್ಗ ಅಂತ ನೋಡುವುದಲ್ಲ. ಮೊದಲ ಆಯ್ಕೆ ಕೈತಪ್ಪಿದರೆ ಯಾರಿಗೆ ಜಾಸ್ತಿ ಹೊಡೆತ ಅಂತ ನೋಡುವುದು. ಶ್ರೀನಿವಾಸಪುರಕ್ಕೆ ಕೋಲಾರ ತಪ್ಪಿದರೆ 2 ರೂಪಾಯಿ ಹೊಡೆತ. ಮುಳಬಾಗಿಲಿಗೆ ತಪ್ಪಿದರೆ 8 ರೂಪಾಯಿ. ಆದ್ದರಿಂದ ಮೊದಲು ಮುಳಬಾಗಿಲಿನವರಿಗೆ ಕೊಡು. ಹಬ್ಬದ ಊಟದಲ್ಲಿ ಸಕ್ಕರೆ ಕಾಯಿಲೆ ಇರುವವರಿಗೆ ಮೊದಲು ಪಲ್ಯ ಬಡಿಸುವ ಹಾಗೆ, ಮಿಕ್ಕವರು ಹೋಳಿಗೆಯಲ್ಲೂ ಹೊಟ್ಟೆ ತುಂಬಿಸಿಕೊಳ್ಳುತ್ತಾರೆ.

ಒಂದು ಎಚ್ಚರಿಕೆ. ವೋಗೆಲ್ ವಿಧಾನ ಒಳ್ಳೆಯ ಶುರು ಕೊಡುತ್ತದೆ, ಅದೇ ಕೊನೆಯ ಉತ್ತರ ಅಂತ ಗ್ಯಾರಂಟಿ ಇಲ್ಲ. ಆಮೇಲೆ ಇನ್ನೊಂದು ಸುತ್ತು ಪರೀಕ್ಷೆ ಮಾಡಬೇಕು. ಮಗಳಿಗೆ ಹೇಳಿ, ಅಲ್ಲೇ ಮಾರ್ಕ್ಸ್ ಹೋಗುವುದು.

ಟೆಂಪೋ_ಶ್ರೀನಿವಾಸಪುರ · ಮಧ್ಯಾಹ್ನ 1.05

ಅಮ್ಮಾ, ಇದನ್ನು ಮಂಡಿಯಲ್ಲಿ ಹರಾಜಿಗೆ ಕಾಯುತ್ತಾ ಓದಿದೆ. ಎರಡನೇ ಟೆಂಪೋ ಹುಡುಗನಿಗೆ ಬಿಲ್ ಹಿಂದೆ ಬರೆದು ತೋರಿಸಿದೆ. ‘ಅಗ್ಗದ್ದನ್ನು ಬಿಡೋದೇ ಲಾಭಾನಾ?’ ಅಂತ ಅವನು ಇನ್ನೂ ತಲೆ ಕೆರೆದುಕೊಳ್ಳುತ್ತಿದ್ದಾನೆ.

ಒಣಭೂಮಿ_ಬಾಗೇಪಲ್ಲಿ · ಮಧ್ಯಾಹ್ನ 2.30

ಲೆಕ್ಕ ಚೆನ್ನಾಗಿದೆ. ಆದರೆ ಬಾಡಿಗೆಯಲ್ಲಿ ಎರಡು ರೂಪಾಯಿ ಉಳಿಸಿ ಏನು ಮಾಡೋಣ? 2023ರ ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಅದನ್ನು ನೋಡಿ ಊರೆಲ್ಲ ನಾಟಿ ಮಾಡಿತು. ಆಮೇಲೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಕೀಳುವ ಕೂಲಿ ಹುಟ್ಟದೆ ಹಣ್ಣನ್ನು ಗಿಡದಲ್ಲೇ ಬಿಟ್ಟವರು ಇದ್ದಾರೆ. ಆ ರೇಟನ್ನು ಯಾವ ಓಆರ್ ಹೇಳುತ್ತದೆ?

ಇನ್ನೊಂದು ಹೊಟ್ಟೆಯುರಿ. ನಮ್ಮ ಕಡೆ ತರಕಾರಿ ಕೊಳ್ಳಲು ಒಂದು ಕಂಪನಿ ಬಂದಿತ್ತು, ಹೆಸರು ಬೇಡ. ಒಂದು ವರ್ಷ ಮನೆ ಬಾಗಿಲಿಗೇ ಗಾಡಿ ಬಂತು. ಆಮೇಲೆ ಒಂದು ದಿನ ‘ಸಿಸ್ಟಮ್‌ನಲ್ಲಿ ನಿಮ್ಮ ಹಳ್ಳಿ ಬರುತ್ತಿಲ್ಲ’ ಅಂದರು. ಸಿಸ್ಟಮ್ ಅಂದರೆ ಯಾರಪ್ಪಾ, ದೇವರಾ? ನಾವು ಹದಿನಾಲ್ಕು ಮನೆಯವರು ಅವರನ್ನು ನಂಬಿ ಕ್ಯಾಪ್ಸಿಕಂ ಹಾಕಿದ್ದೆವು. ಇದೂ ಓಆರ್ ತಾನೇ?

ರೂಟ್_ಹುಡುಗಿ · ಮಧ್ಯಾಹ್ನ 3.10

ಹೌದು ಅಣ್ಣ, ಇದೂ ಓಆರ್. ಸುಳ್ಳು ಹೇಳುವುದಿಲ್ಲ, ಅಂಥ ಸಿಸ್ಟಮ್ ನಾನೂ ಬರೆದಿದ್ದೇನೆ. ‘ಒಟ್ಟು ಖರ್ಚು ಕಮ್ಮಿ ಮಾಡು’ ಅಂತ ಗುರಿ ಕೊಟ್ಟರೆ ಅದು ದೂರದ ಹಳ್ಳಿಯನ್ನೇ ಮೊದಲು ಕತ್ತರಿಸುತ್ತದೆ. ‘ಶುರು ಮಾಡಿದ ಹಳ್ಳಿಯನ್ನು ಬೆಳೆ ಮುಗಿಯುವವರೆಗೆ ಬಿಡಬಾರದು’ ಅಂತ ಒಂದು ಸಾಲು ಸೇರಿಸಿದ್ದರೆ ಬಿಡುತ್ತಿರಲಿಲ್ಲ. ಖರ್ಚು ಎಷ್ಟು ಏರುತ್ತದೆ ಅಂತಲೂ ಅದೇ ಹೇಳುತ್ತಿತ್ತು. ಆ ಸಾಲನ್ನು ಬರೆಯದೇ ಇದ್ದದ್ದು ಮನುಷ್ಯರು.

ರೇಟಿನ ಬಗ್ಗೆ ನನ್ನ ಹತ್ತಿರ ಉತ್ತರ ಇಲ್ಲ. ಎಲ್ಲರೂ ಹೋದ ವರ್ಷದ ರೇಟು ನೋಡಿ ನಾಟಿ ಮಾಡುವಾಗ ಒಬ್ಬರ ಲೆಕ್ಕ ಇನ್ನೊಬ್ಬರ ಲೆಕ್ಕವನ್ನು ಕೆಡಿಸುತ್ತದೆ. ಟೆಂಪೋ ಲೆಕ್ಕಕ್ಕಿಂತ ಅದು ಬಹಳ ಕಷ್ಟ.

ಡೇರಿ_ಕಾರ್ಯದರ್ಶಿ · ಸಂಜೆ 7.45

ಸಂಜೆ ಹಾಲು ಅಳೆದು ಮುಗಿಸಿ ಈಗ ಕೂತೆ. ಬಾಗೇಪಲ್ಲಿ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ನಾನು ಮುಳಬಾಗಿಲು ತಾಲ್ಲೂಕಿನ ಒಂದು ಹಾಲು ಸಂಘದ ಕಾರ್ಯದರ್ಶಿ. ನಮ್ಮ ಹಾಲಿನ ರೂಟಿನಲ್ಲಿ 10 ಹಳ್ಳಿ. ಯಾವ ಹಳ್ಳಿಗೆ ಮೊದಲು, ಯಾವುದಕ್ಕೆ ಆಮೇಲೆ ಅಂತ ಸಭೆಯಲ್ಲಿ ದಿನಾ ಜಗಳ. ಒಮ್ಮೆ ಒಬ್ಬ ಟ್ರೈನಿ ಹುಡುಗ ಬಂದಿದ್ದ. ಹತ್ತು ಹಳ್ಳಿಯನ್ನು ಎಷ್ಟು ಥರ ಸುತ್ತಬಹುದು ಗೊತ್ತಾ ಸಾರ್ ಅಂದ. ಹತ್ತೋ ಇಪ್ಪತ್ತೋ ಇರಬಹುದು ಅಂದೆ. 36,28,800 ಅಂದ! ಕ್ಯಾಲ್ಕುಲೇಟರ್ ಒತ್ತಿ ನೋಡಿದೆ. ಹತ್ತು, ಒಂಬತ್ತು, ಎಂಟು ಅಂತ ಒಂದರವರೆಗೆ ಗುಣಿಸಿದರೆ ಅಷ್ಟೇ ಬರುತ್ತದೆ.

ಗಣಿತ_ಮೇಷ್ಟ್ರು_ಕೋಲಾರ · ರಾತ್ರಿ 8.20

ಅದಕ್ಕೆ ‘ಟ್ರಾವೆಲಿಂಗ್ ಸೇಲ್ಸ್‌ಮನ್’ ಸಮಸ್ಯೆ ಅಂತ ಹೆಸರು. ಒಂದೊಂದನ್ನೇ ಎಣಿಸಿ ನೋಡಲು ಹೋದರೆ ಯುಗ ಕಳೆಯುತ್ತದೆ. 1954ರಲ್ಲಿ ಡಾಂಟ್‌ಸಿಗ್, ಫುಲ್ಕರ್ಸನ್, ಜಾನ್ಸನ್ ಮೂವರೂ ಅಮೆರಿಕದ 49 ನಗರಗಳಿಗೆ ಅತಿ ಕಡಿಮೆ ದಾರಿ ಇದೇ ಅಂತ ಸಾಧಿಸಿ ತೋರಿಸಿದರು. ಎಲ್ಲ ದಾರಿಯನ್ನೂ ಎಣಿಸದೆ!

ಈ ಜಾರ್ಜ್ ಡಾಂಟ್‌ಸಿಗ್ ಬಗ್ಗೆ ಹೇಳದಿದ್ದರೆ ಕಥೆ ಅರ್ಧವೇ. 1939ರಲ್ಲಿ ಬರ್ಕ್‌ಲಿಯಲ್ಲಿ ಓದುತ್ತಿದ್ದಾಗ ಒಂದು ದಿನ ಕ್ಲಾಸಿಗೆ ತಡವಾಗಿ ಹೋದ. ಬೋರ್ಡಿನ ಮೇಲೆ ಎರಡು ಲೆಕ್ಕ ಇದ್ದವು. ಹೋಂವರ್ಕ್ ಅಂದುಕೊಂಡು ಬರೆದುಕೊಂಡ. ಸ್ವಲ್ಪ ಕಷ್ಟ ಅನ್ನಿಸಿತು, ಕೆಲವು ದಿನ ಬಿಟ್ಟು ಮಾಡಿಕೊಟ್ಟ. ಅವು ಹೋಂವರ್ಕ್ ಆಗಿರಲಿಲ್ಲ. ಅಲ್ಲಿಯವರೆಗೆ ಯಾರೂ ಬಿಡಿಸದ ಸಂಖ್ಯಾಶಾಸ್ತ್ರದ ಸಮಸ್ಯೆಗಳಾಗಿದ್ದವು. (ಇದನ್ನು ಹೇಳಿದಾಗಲೆಲ್ಲ ನನ್ನ ವಿದ್ಯಾರ್ಥಿಗಳು ತಡವಾಗಿ ಬರುವುದನ್ನು ಮಾತ್ರ ಕಲಿತರು.)

1947ರಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡುತ್ತಿದ್ದಾಗ ‘ಸಿಂಪ್ಲೆಕ್ಸ್’ ವಿಧಾನ ಕಂಡುಹಿಡಿದರು. ಹಾಕಿದ ಮಿತಿಗಳೊಳಗೆ ಅತಿ ಕಡಿಮೆ ಖರ್ಚಿನ ಉತ್ತರವನ್ನು ಹಂತಹಂತವಾಗಿ ಹುಡುಕುವ ದಾರಿ ಅದು. ಇಂಥ ಲೆಕ್ಕಗಳಿಗೆ ‘ಲೀನಿಯರ್ ಪ್ರೋಗ್ರಾಮಿಂಗ್’ ಅಂತ ಹೆಸರು. ಅದರಲ್ಲಿರುವ ಪ್ರೋಗ್ರಾಂ ಕಂಪ್ಯೂಟರ್‌ನದ್ದಲ್ಲ, ಸೇನೆಯವರು ತಮ್ಮ ಯೋಜನಾಪಟ್ಟಿಗೆ ಹಾಗೆ ಹೇಳುತ್ತಿದ್ದರು. ರಷ್ಯಾದಲ್ಲಿ ಕಾಂಟೊರೊವಿಚ್ ಎಂಬ ಗಣಿತಜ್ಞ ಅದಕ್ಕೂ ಮೊದಲೇ, 1939ರಲ್ಲಿ, ಪ್ಲೈವುಡ್ ಉದ್ಯಮದವರು ಕೇಳಿದ ಒಂದು ಲೆಕ್ಕದಿಂದ ಇದೇ ವಿಚಾರಕ್ಕೆ ತಲುಪಿದ್ದರು. 1975ರ ಅರ್ಥಶಾಸ್ತ್ರದ ನೊಬೆಲ್ ಕಾಂಟೊರೊವಿಚ್ ಮತ್ತು ಕೂಪ್‌ಮನ್ಸ್‌ಗೆ ಸಿಕ್ಕಿತು. ಡಾಂಟ್‌ಸಿಗ್‌ಗೆ ಸಿಗಲಿಲ್ಲ. ನನಗೆ ಇವತ್ತಿಗೂ ಅದು ಸರಿ ಕಂಡಿಲ್ಲ.

ರೂಟ್ ಹಾಕುವ ಮಗು ‘ಬರೆಯದೇ ಇದ್ದ ಸಾಲು’ ಅಂದಿತಲ್ಲ, ಅದಕ್ಕೆ ಡಾಂಟ್‌ಸಿಗ್ ಮನೆಯದೇ ಉದಾಹರಣೆ ಇದೆ. ಜಾರ್ಜ್ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ 1945ರಲ್ಲಿ ಒಂದು ಲೆಕ್ಕ ಹಾಕಿದ್ದ. ಒಬ್ಬ ಮನುಷ್ಯನಿಗೆ ಬೇಕಾದ ಪೋಷಕಾಂಶವೆಲ್ಲ ಸಿಗುವ ಹಾಗೆ, ಅತಿ ಅಗ್ಗದ ಊಟ ಯಾವುದು? 77 ಆಹಾರ ಪದಾರ್ಥ, 9 ಪೋಷಕಾಂಶ. ಗೋಧಿ ಹಿಟ್ಟು, ಎಲೆಕೋಸು, ಪಾಲಕ್, ಒಣ ಅವರೆಯಂಥ ಕಾಳು ಹೀಗೆ ಬಂತು. ವರ್ಷಕ್ಕೆ 39.93 ಡಾಲರ್, 1939ರ ಬೆಲೆಯಲ್ಲಿ. ಸಿಂಪ್ಲೆಕ್ಸ್ ಬಂದ ಮೇಲೆ ಅದೇ ಲೆಕ್ಕವನ್ನು ಒಂಬತ್ತು ಜನ ಗುಮಾಸ್ತರು ಕೈಯಂತ್ರ ಹಿಡಿದು ಮಾಡಿದರು. ಒಬ್ಬನೇ ಮಾಡಿದ್ದರೆ 120 ದಿನ ಹಿಡಿಯುವಷ್ಟು ಕೆಲಸ. ಉತ್ತರ 39.69 ಡಾಲರ್. ಸ್ಟಿಗ್ಲರ್ ಅಂದಾಜಿನಲ್ಲಿ ಹೇಳಿದ್ದಕ್ಕೂ ಇದಕ್ಕೂ 24 ಸೆಂಟ್ ವ್ಯತ್ಯಾಸ!

ಕೆಲವು ವರ್ಷ ಬಿಟ್ಟು ಡಾಂಟ್‌ಸಿಗ್‌ಗೆ ಡಾಕ್ಟರು ತೂಕ ಇಳಿಸಲು ಹೇಳಿದರು. ತನ್ನ ಊಟವನ್ನು ಕಂಪ್ಯೂಟರೇ ಹೇಳಲಿ ಅಂತ ಲೆಕ್ಕ ಹಾಕಿದರು. ಹೊಟ್ಟೆ ತುಂಬಿದ ಹಾಗಿರಬೇಕು, ಕ್ಯಾಲೊರಿ ಮಿತಿ ದಾಟಬಾರದು. ಕಂಪ್ಯೂಟರ್ ಏನು ಹೇಳಿತು ಗೊತ್ತಾ? ದಿನಕ್ಕೆ 500 ಗ್ಯಾಲನ್ ವಿನೆಗರ್ ಕುಡಿ ಅಂತ! ಪಟ್ಟಿಯಲ್ಲಿ ವಿನೆಗರ್‌ಗೆ ಕ್ಯಾಲೊರಿ ಸೊನ್ನೆ ಅಂತ ಇತ್ತು. ವಿನೆಗರ್ ತೆಗೆದುಹಾಕಿದರು. ಮಾರನೇ ದಿನ, ಸಾರು ಮಾಡುವ ಉಪ್ಪಿನ ಬಿಲ್ಲೆ 200 ತಿನ್ನು ಅಂದಿತು. ಮನುಷ್ಯ ಇಷ್ಟಕ್ಕಿಂತ ಜಾಸ್ತಿ ಉಪ್ಪು ತಿನ್ನಲಾರ ಅಂತ ಯಾರೂ ಅದಕ್ಕೆ ಹೇಳಿರಲಿಲ್ಲ.

ಡೇರಿ_ಕಾರ್ಯದರ್ಶಿ · ರಾತ್ರಿ 8.50

ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ ಸಾರ್. ನಮ್ಮ ಮನೆಯಲ್ಲಾದರೆ ಆ ಕಂಪ್ಯೂಟರ್ ಮುದ್ದೆ, ಸೊಪ್ಪಿನ ಸಾರು ಅಂದಿರೋದು, ತಂಟೆಯೇ ಇರುತ್ತಿರಲಿಲ್ಲ.

ಆದರೆ ಪಶು ಆಹಾರದಲ್ಲಿ ಇದು ನಿಜವಾಗಿ ನಡೆಯುತ್ತದೆ. ಜೋಳ, ಬೂಸಾ, ಹಿಂಡಿ, ಕಾಕಂಬಿ ಇವುಗಳ ರೇಟು ಏರಿಳಿದಂತೆ ಫೀಡ್ ಫ್ಯಾಕ್ಟರಿಯವರು ಇದೇ ಲೆಕ್ಕದಲ್ಲಿ ಪಾಕ ಬದಲಾಯಿಸುತ್ತಾರೆ. ಪ್ರೋಟೀನ್ ಇಷ್ಟು, ನಾರು ಇಷ್ಟು, ಖರ್ಚು ಕಮ್ಮಿ. ಕಾಗದದಲ್ಲಿ ಎಲ್ಲ ಸರಿ ಇರುತ್ತದೆ. ಕೆಲವು ಸಲ ಹಸು ಮೂಸಿ ನೋಡಿ ತಲೆ ತಿರುಗಿಸುತ್ತದೆ ಅಷ್ಟೇ.

ತಟ್ಟೆ_ಇಡ್ಲಿ_ಕ್ಯಾತ್ಸಂದ್ರ · ಮಂಗಳವಾರ, ಬೆಳಗ್ಗೆ 11.30

ತುಮಕೂರು ಕಡೆಯಿಂದ ಒಂದು ಪ್ರಶ್ನೆ. ನಮ್ಮದು ಸಣ್ಣ ಇಡ್ಲಿ ಹೋಟೆಲ್. ರಾತ್ರಿಯೇ ಹಿಟ್ಟು ರುಬ್ಬಬೇಕು. ಬೆಳಗ್ಗೆ ಎಷ್ಟು ಜನ ಬರುತ್ತಾರೆ ಅಂತ ಗೊತ್ತಿಲ್ಲ. ಕಮ್ಮಿಯಾದರೆ ಗಿರಾಕಿ ಪಕ್ಕದ ಹೋಟೆಲಿಗೆ. ಜಾಸ್ತಿಯಾದರೆ ಹಿಟ್ಟು ಹುಳಿ. ಇದಕ್ಕೂ ಲೆಕ್ಕ ಇದೆಯಾ?

ರೂಟ್_ಹುಡುಗಿ · ಮಧ್ಯಾಹ್ನ 12.10

ಇದೆ. ಪೇಪರ್ ಮಾರುವವನ ಲೆಕ್ಕ ಅಂತಾರೆ. ಇವತ್ತಿನ ಪೇಪರ್ ನಾಳೆ ರದ್ದಿ, ನಿಮ್ಮ ಹಿಟ್ಟಿನ ಹಾಗೆ. ಪ್ಲೇಟ್ ಎಷ್ಟು, ಖರ್ಚು ಎಷ್ಟು?

ತಟ್ಟೆ_ಇಡ್ಲಿ_ಕ್ಯಾತ್ಸಂದ್ರ · ಮಧ್ಯಾಹ್ನ 12.14

30 ರೂಪಾಯಿ ಅಂತ ಇಟ್ಟುಕೊಳ್ಳಿ, ಖರ್ಚು 12.

ರೂಟ್_ಹುಡುಗಿ · ಮಧ್ಯಾಹ್ನ 12.40

ಒಂದು ಪ್ಲೇಟ್ ಕಮ್ಮಿಯಾದರೆ 18 ರೂಪಾಯಿ ಲಾಭ ಹೋಯಿತು. ಒಂದು ಜಾಸ್ತಿಯಾದರೆ 12 ರೂಪಾಯಿ ಹೋಯಿತು. 18 ಮತ್ತು 12 ಸೇರಿ 30. ಅದರಲ್ಲಿ 18 ಅಂದರೆ ನೂರಕ್ಕೆ 60. ಹತ್ತರಲ್ಲಿ ಆರು ದಿನ ಸಾಕಾಗುವಷ್ಟು ಹಿಟ್ಟು ರುಬ್ಬಿ. ಮಿಕ್ಕ ನಾಲ್ಕು ದಿನ ಖಾಲಿಯಾದರೆ ಆಗಲಿ.

30 ದಿನ ಎಷ್ಟು ಪ್ಲೇಟ್ ಕೇಳಿದರು ಅಂತ ಬರೆದಿಡಿ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. 18ನೆಯ ಸಂಖ್ಯೆ ನಿಮ್ಮದು. ಆದರೆ ಖಾಲಿಯಾದ ಮೇಲೆ ವಾಪಸ್ ಹೋದವರನ್ನೂ ಎಣಿಸಬೇಕು, ಮಾರಿದ್ದನ್ನು ಮಾತ್ರ ಅಲ್ಲ. ಎಲ್ಲರೂ ಎಡವುವುದು ಇಲ್ಲೇ.

ತಟ್ಟೆ_ಇಡ್ಲಿ_ಕ್ಯಾತ್ಸಂದ್ರ · ಮಧ್ಯಾಹ್ನ 12.55

ಮೇಡಂ, ಉಳಿದ ಹಿಟ್ಟು ಪೂರಾ ಹೋಗಲ್ಲ. ಸಂಜೆ ಪಡ್ಡು ಹಾಕುತ್ತೇವೆ. ಅರ್ಧ ದುಡ್ಡು ವಾಪಸ್ ಬರುತ್ತದೆ.

ರೂಟ್_ಹುಡುಗಿ · ಮಧ್ಯಾಹ್ನ 1.02

ಹಾಗಿದ್ದರೆ ಲೆಕ್ಕವೇ ಬೇರೆ! ಜಾಸ್ತಿಯಾದರೆ ಹೋಗುವುದು 6 ರೂಪಾಯಿ ಮಾತ್ರ. 24ರಲ್ಲಿ 18, ಅಂದರೆ ನೂರಕ್ಕೆ 75. ಧೈರ್ಯವಾಗಿ 23ನೆಯ ಸಂಖ್ಯೆಗೆ ಹೋಗಿ. ನೋಡಿ, ಪಡ್ಡು ಇದೆ ಅಂತ ನೀವು ಹೇಳದಿದ್ದರೆ ನಾನು ತಪ್ಪು ಉತ್ತರ ಕೊಟ್ಟು ಕಳಿಸುತ್ತಿದ್ದೆ.

ಸಿಸ್ಟರ್_ಕೆಜಿಎಫ್ · ರಾತ್ರಿ 9.00

ನಾನು ನರ್ಸ್. ಎಲ್ಲಿ ಅಂತ ಹೇಳುವುದಿಲ್ಲ. ಹೊರರೋಗಿಗಳ ವಿಭಾಗದಲ್ಲಿ ಕಾರಿಡಾರ್ ತುಂಬಾ ಜನ, ದಿನಾ ಬೈಸಿಕೊಳ್ಳುವವಳು ನಾನು. ಡಾಕ್ಟರು ಒಂದು ನಿಮಿಷ ಕೂಡ ಖಾಲಿ ಕೂರುವುದಿಲ್ಲ. ಆದರೂ ಸಾಲು ಕರಗುವುದಿಲ್ಲ. ಯಾಕೆ ಸಾರ್?

ಗಣಿತ_ಮೇಷ್ಟ್ರು_ಕೋಲಾರ · ರಾತ್ರಿ 9.50

ಸಿಸ್ಟರ್, ಡಾಕ್ಟರು ಒಂದು ನಿಮಿಷವೂ ಖಾಲಿ ಇಲ್ಲದಿರುವುದರಿಂದಲೇ!

ಸಾಲಿನ ಲೆಕ್ಕ ಬ್ಲಾಕೆಟ್‌ಗಿಂತ ಹಳೆಯದು. ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯ ಎ. ಕೆ. ಅರ್ಲಾಂಗ್ 1909ರಲ್ಲೇ ಶುರು ಮಾಡಿದರು. ಎಷ್ಟು ಲೈನ್ ಇಟ್ಟರೆ ಕರೆ ಮಾಡುವವರು ಕಾಯಬೇಕಾಗಿಲ್ಲ ಅಂತ. ಜನ ಹೇಳಿಕೇಳಿ ಬರುವುದಿಲ್ಲ, ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಒಬ್ಬ ಡಾಕ್ಟರು ನೂರಕ್ಕೆ 80 ಹೊತ್ತು ಬ್ಯುಸಿ ಇದ್ದರೆ ಒಳಗಿರುವವರೂ ಸೇರಿ ಸರಾಸರಿ 4 ಜನ ಇರುತ್ತಾರೆ. 90 ಆದರೆ 9 ಜನ. 95 ಆದರೆ 19. ನೂರರ ಹತ್ತಿರ ಹೋದಷ್ಟೂ ಸಾಲು ಹನುಮಂತನ ಬಾಲ. ಖಾಲಿ ಕೂತ ಹೊತ್ತನ್ನು ಮೇಲಿನವರು ದಂಡ ಅಂದುಕೊಳ್ಳುತ್ತಾರೆ. ಸಾಲು ಕರಗುವುದೇ ಆ ಹೊತ್ತಿನಲ್ಲಿ.

ಇನ್ನೊಂದು ಸುಲಭದ ಸೂತ್ರ ಇದೆ. ಅದನ್ನು 1961ರಲ್ಲಿ ಜಾನ್ ಲಿಟಲ್ ಸಾಧಿಸಿಕೊಟ್ಟರು. ಗಂಟೆಗೆ 40 ಜನ ಬರುತ್ತಾರೆ, ಒಬ್ಬೊಬ್ಬರು ಸರಾಸರಿ ಒಂದೂವರೆ ಗಂಟೆ ಇರುತ್ತಾರೆ ಅಂದರೆ ನಿಮ್ಮ ಕಾರಿಡಾರಿನಲ್ಲಿ 60 ಜನ. ಕುರ್ಚಿ ಎಷ್ಟು ಬೇಕು ಅಂತ ಕೇಳಲು ಇಷ್ಟು ಸಾಕು.

ಸಿಸ್ಟರ್_ಕೆಜಿಎಫ್ · ರಾತ್ರಿ 10.05

ಕುರ್ಚಿ 22 ಇವೆ ಸಾರ್. ಮತ್ತೆ ಎಲ್ಲ ಟೋಕನ್‌ಗೂ ‘ಬೆಳಗ್ಗೆ 9ಕ್ಕೆ ಬನ್ನಿ’ ಅಂತಲೇ ಬರೆದುಕೊಡುತ್ತಾರೆ. ಬಸ್ಸಿನ ಹೊತ್ತು ನೋಡಿ ಎರಡು ಪಾಳಿ ಮಾಡೋಣ ಅಂತ ಕೇಳುತ್ತೇನೆ. ಒಪ್ಪುತ್ತಾರೋ ಇಲ್ಲವೋ.

ಗಣಿತ_ಮೇಷ್ಟ್ರು_ಕೋಲಾರ · ರಾತ್ರಿ 10.20

ಕೇಳಿ. ಧೈರ್ಯಕ್ಕೆ ಒಂದು ಕಥೆ. ಅಮೆರಿಕದ ಸೇನೆಯ ಊಟದ ಜಾಗದಲ್ಲಿ ತಟ್ಟೆ ತೊಳೆಯಲು ಉದ್ದ ಸಾಲು. ನಾಲ್ಕು ತೊಟ್ಟಿ: ಎರಡು ಉಜ್ಜಲು, ಎರಡು ಜಾಲಾಡಲು. ಒಬ್ಬ ಸುಮ್ನೆ ನಿಂತು ನೋಡಿದ. ಜಾಲಾಡುವುದಕ್ಕಿಂತ ಉಜ್ಜಲು ಮೂರರಷ್ಟು ಹೊತ್ತು. ಮೂರು ತೊಟ್ಟಿ ಉಜ್ಜಲು, ಒಂದು ಜಾಲಾಡಲು ಅಂತ ಮಾಡಿದ. ಸಾಲು ಮಾಯ. ಒಂದು ತೊಟ್ಟಿಯನ್ನೂ ಕೊಳ್ಳಲಿಲ್ಲ.

ಗೂಡು_ಶಿಡ್ಲಘಟ್ಟ · ಬುಧವಾರ, ಬೆಳಗ್ಗೆ 8.15

ಗುಂಡು ಬಿದ್ದ ವಿಮಾನದ ಚಿತ್ರ, ಮೈಮೇಲೆಲ್ಲ ಕೆಂಪು ಚುಕ್ಕಿ, ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ತೂತು ಇಲ್ಲದ ಕಡೆ ತಗಡು ಹಾಕಿ ಅಂತ ಒಬ್ಬ ಹೇಳಿದನಂತೆ. ಅದೂ ಇದೇನಾ? ನಾನು ರೀಲರ್, ರೇಷ್ಮೆ ಗೂಡಿನಿಂದ ನೂಲು ತೆಗೆಯುವವನು, ವಿಮಾನ ಗೊತ್ತಿಲ್ಲ.

ಗಣಿತ_ಮೇಷ್ಟ್ರು_ಕೋಲಾರ · ಬೆಳಗ್ಗೆ 10.00

ಅದೇ. ಹೇಳಿದವರು ಅಬ್ರಹಾಂ ವಾಲ್ಡ್, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ. ವಾಪಸ್ ಬಂದ ವಿಮಾನಗಳ ತೂತು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತದೆ. ಎಂಜಿನ್‌ಗೆ ಪೆಟ್ಟು ತಿಂದವು ವಾಪಸ್ಸೇ ಬರುವುದಿಲ್ಲ. ಆದ್ದರಿಂದ ತೂತು ಕಾಣದ ಜಾಗವೇ ಅಪಾಯದ್ದು. ವಾಟ್ಸಾಪಿನ ಚಿತ್ರ ಮಾತ್ರ ಅವರದ್ದಲ್ಲ, ಬಹಳ ಈಚೆಗೆ ಯಾರೋ ಬರೆದದ್ದು. ವಾಲ್ಡ್ ಬರೆದದ್ದು 1943ರಲ್ಲಿ, ಪುಟಗಟ್ಟಲೆ ಗಣಿತ. ಚಿತ್ರದಷ್ಟು ಸಲೀಸು ಅಲ್ಲ.

ಮನಸ್ಸಿಗೆ ಕಷ್ಟವಾಗುವ ಒಂದು ಸಂಗತಿ. ಭಾರತ ಸರ್ಕಾರ ಕರೆದಿದ್ದಕ್ಕೆ ಉಪನ್ಯಾಸ ಮಾಡಲು ವಾಲ್ಡ್ ಇಲ್ಲಿಗೆ ಬಂದಿದ್ದರು. 1950ರ ಡಿಸೆಂಬರ್‌ನಲ್ಲಿ ಅವರಿದ್ದ ವಿಮಾನ ನೀಲಗಿರಿ ಬೆಟ್ಟಕ್ಕೆ ಬಡಿದು ಬಿತ್ತು. ಹೆಂಡತಿಯೂ ಜೊತೆಗಿದ್ದರು. ಇಬ್ಬರೂ ಉಳಿಯಲಿಲ್ಲ.

ನಮ್ಮ ದೇಶಕ್ಕೆ ಈ ವಿದ್ಯೆ ಬಂದದ್ದೂ ಆ ಕಾಲದಲ್ಲೇ. 1947ರಲ್ಲಿ ಬ್ಲಾಕೆಟ್ ಇಲ್ಲಿಗೆ ಬಂದಾಗ ನೆಹರೂ ಅವರಿಂದ ರಕ್ಷಣೆಯ ಬಗ್ಗೆ ಸಲಹೆ ಕೇಳಿದರು. 1949ರಲ್ಲಿ ಹೈದರಾಬಾದಿನ ಪ್ರಯೋಗಾಲಯದಲ್ಲಿ ಒಂದು ಓಆರ್ ಘಟಕ ತೆರೆಯಿತು. 1956ರಲ್ಲಿ ಶುರುವಾದ ಎರಡನೇ ಪಂಚವಾರ್ಷಿಕ ಯೋಜನೆಗೆ ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಗಣಿತದ ಚೌಕಟ್ಟು ಹಾಕಿದರು. 1957ರಲ್ಲಿ ಭಾರತದ ಓಆರ್ ಸೊಸೈಟಿ ಹುಟ್ಟಿತು. 1984ರಲ್ಲಿ, ಬಾಂಬೆ ಐಐಟಿಯಲ್ಲಿ ಓದಿದ ನರೇಂದ್ರ ಕರ್ಮಾರ್ಕರ್ ಸಿಂಪ್ಲೆಕ್ಸ್‌ಗೆ ಸವಾಲು ಹಾಕುವ ಹೊಸ ದಾರಿ ಕಂಡುಹಿಡಿದಾಗ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಸುದ್ದಿ.

ಟೆಂಪೋ_ಶ್ರೀನಿವಾಸಪುರ · ಮೂರು ವಾರದ ಮೇಲೆ, ಭಾನುವಾರ ರಾತ್ರಿ 8.30

ತಡವಾಯಿತು, ಕ್ಷಮಿಸಿ. ಮೇಷ್ಟ್ರು ‘ನಿಂತು ನೋಡಿದ’ ಅಂದರಲ್ಲ, ಅದು ತಲೆಯಲ್ಲಿ ಕೂತಿತು. ಮಗಳು ಒಂದು ನೋಟ್‌ಬುಕ್ ಕೊಟ್ಟಳು. 12 ಟ್ರಿಪ್ ಬರೆದೆ. ಮನೆ ಬಿಟ್ಟು ಮಾಲು ಇಳಿಸುವವರೆಗೆ ಸರಾಸರಿ 5 ಗಂಟೆ 10 ನಿಮಿಷ. ಅದರಲ್ಲಿ ಗಾಡಿ ಓಡಿದ್ದು 1 ಗಂಟೆ 40 ನಿಮಿಷ ಮಾತ್ರ! ಮೂರು ತೋಟದಲ್ಲಿ ಲೋಡಿಂಗ್ 1 ಗಂಟೆ 20 ನಿಮಿಷ. ಮಂಡಿಯಲ್ಲಿ ಇಳಿಸಲು ಕಾದದ್ದು ಒಂದೂವರೆ ಗಂಟೆ. ಖಾಲಿ ಕ್ರೇಟ್‌ಗೆ ಕಾದದ್ದು 40 ನಿಮಿಷ.

ಇಷ್ಟು ವರ್ಷ ಯಾವ ರೋಡು ಹತ್ತಿರ ಅಂತ ತಲೆ ಕೆಡಿಸಿಕೊಂಡೆ. ಹೊತ್ತು ಹೋಗುತ್ತಿದ್ದದ್ದು ನಿಂತ ಕಡೆ.

ಖಾಲಿ ಕ್ರೇಟ್ ಹಿಂದಿನ ಸಂಜೆಯೇ ತೋಟಕ್ಕೆ ಹಾಕಿ ಬರಲು ಶುರು ಮಾಡಿದೆ. ಆ 40 ನಿಮಿಷ ಹೋಯಿತು. ಮಂಡಿಗೆ ಒಂದು ಗಂಟೆ ಮುಂಚೆ ಮುಟ್ಟೋಣ ಅಂತ ಲೋಡಿಂಗನ್ನೂ ಮುಂಚೆ ಮಾಡಿದೆ. ಮೂರು ದಿನ ಚೆನ್ನಾಗಿ ನಡೆಯಿತು. ಅರ್ಧ ಗಂಟೆಯಲ್ಲಿ ಇಳಿಸಿ ಬಂದೆ. ನಾಲ್ಕನೇ ದಿನ ಮೊದಲ ತೋಟದ ಅಜ್ಜ ಬೈದರು. ‘ಆ ಕತ್ತಲಲ್ಲಿ ಹೆಣ್ಣಾಳುಗಳು ಹೆಂಗಪ್ಪಾ ಬರ್ತಾರೆ? ಹೊಲದಲ್ಲಿ ಹಾವು ಹುಳ ಇರ್ತಾವೆ.’ ನನಗೆ ಹೊಳೆದೇ ಇರಲಿಲ್ಲ. ಮನೆಗೆ ಬಂದು ಹೇಳಿದರೆ ಮಗಳು ‘ಅದನ್ನೂ ಬರಿ ಅಪ್ಪಾ, ಅದು ಕನ್‌ಸ್ಟ್ರೈಂಟ್’ ಅಂದಳು. ಅಂದರೆ ಲೆಕ್ಕ ಮೀರಬಾರದ ಕಟ್ಟುಪಾಡು. ಈಗ ಅಜ್ಜನ ತೋಟ ಕೊನೆಗೆ. ಇಪ್ಪತ್ತು ನಿಮಿಷ ಜಾಸ್ತಿ ಸುತ್ತು ಬೀಳುತ್ತದೆ. ಬೀಳಲಿ.

ವಿನೆಗರ್ ಕಥೆಯನ್ನು ಮಗಳು ಸೆಮಿನಾರ್‌ನಲ್ಲಿ ಹೇಳುತ್ತಾಳಂತೆ. ಡೇರಿ ಅಣ್ಣಾ, 500 ಗ್ಯಾಲನ್ ಅಂದರೆ ನಿಮ್ಮ ಲೆಕ್ಕದಲ್ಲಿ ಎಷ್ಟು ಕ್ಯಾನ್?

ಡೇರಿ_ಕಾರ್ಯದರ್ಶಿ · ರಾತ್ರಿ 8.52

ಅಮೆರಿಕದ ಗ್ಯಾಲನ್ ಮೂರು ಮುಕ್ಕಾಲು ಲೀಟರಿಗಿಂತ ಚೂರು ಜಾಸ್ತಿ. ಒಟ್ಟು 1,890 ಲೀಟರ್ ಚಿಲ್ಲರೆ. ನಮ್ಮ 40 ಲೀಟರ್ ಕ್ಯಾನಿನಲ್ಲಿ 47 ತುಂಬಿ ಇನ್ನೊಂದರಲ್ಲಿ ಕಾಲು ಭಾಗಕ್ಕಿಂತ ಚೂರು ಜಾಸ್ತಿ. ನಿಮ್ಮ ಗಾಡಿ ಹಿಡಿಯುತ್ತದಾ?

ಟೆಂಪೋ_ಶ್ರೀನಿವಾಸಪುರ · ರಾತ್ರಿ 8.55

ಎರಡು ಟ್ರಿಪ್ ಆಗುತ್ತದೆ. ಬಾಡಿಗೆ ಮೊದಲೇ ಮಾತಾಡಬೇಕು.